ಬೈಗುಳವೊಂದೇ ಉಳಿದ ಬಾಯಿಗೆ ಮಾತು ಕಲಿಸುವವಳು

ಲೋಟಾ ಎಂಬ ಊರಿನ ಹಳೇ ಗಣಿ ಕಾಲೊನಿಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹಿತ್ತಿಲ ಕೋಣೆಯಲ್ಲಿ ಮರಿಸೆಲ್ ಕಾಯುಪಾನ್ ಮುದುಕರೊಬ್ಬರ ಎಡಗೈ ಹಿಡಿದು ಮೇಜಿನ ಮೇಲೆ ತಾಳ ಹಾಕಿಸುತ್ತಿದ್ದಾಳೆ. "ನೀ...ರು. ರಾಗವಾಗಿ ಅನ್ನಿ ಪಾಸ್ಟರೇ." ಅವರ ತುಟಿ ನಡುಗುತ್ತದೆ, ಕುತ್ತಿಗೆಯ ನರ ಉಬ್ಬುತ್ತದೆ. ಕಡೆಗೆ ಹೊರಬೀಳುವುದು, "ಬೋಳಿಮಗನೆ!" ಅವರ ಕಣ್ಣು ತುಂಬುತ್ತದೆ. "ಪರವಾಗಿಲ್ಲ, ಇನ್ನೊಂದ್ಸಲ," ಎನ್ನುತ್ತಾಳೆ ಮರಿಸೆಲ್, ಏನೂ ಆಗಿಲ್ಲವೆಂಬಂತೆ. (ನಮ್ಮೂರ ಹುಡುಗಿ. ಬರೆಯುವಾಗ ತನಗೆ ಬಹುವಚನ ಹಚ್ಚಿದರೆ ಜೋಕೆ ಅಂತ ನನ್ನನ್ನು ಗದರಿದ್ದಾಳೆ.)

ಎಲೆಯೊದೊರೊ ಸಾಯೆಸ್ ಇಲ್ಲಿನ ಪ್ರಾರ್ಥನಾ ಮಂದಿರದ ಪಾಸ್ಟರ್. ಬೀದಿಯಲ್ಲಿ ಗಿಟಾರು ಹಿಡಿದು ನಿಂತರೆ ಕುಡುಕರೂ ಬಾಟಲಿ ಬಚ್ಚಿಡುತ್ತಿದ್ದರು. ಕಳೆದ ಚಳಿಗಾಲ ಲಕ್ವ ಹೊಡೆಯಿತು. ಮಾತೆಲ್ಲ ಹೋಗಿ, ಹರೆಯದಲ್ಲಿ ಗಣಿಯೊಳಗೆ ಆಡುತ್ತಿದ್ದ ಬೈಗುಳವೊಂದು ಉಳಿಯಿತು. ಇಂಥವರ ಬಗ್ಗೆಯೇ ಮರಿಸೆಲ್ ಕೊನ್ಸೆಪ್ಸಿಯೋನ್ ನಗರದ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟು ಮಾಡುತ್ತಿದ್ದಾಳೆ. "ಬೇಕಂತ ಬಯ್ತಿಲ್ಲ ಕಣ್ರೀ. ಹೇಳಕ್ಕೆ ಹೋಗೋದೊಂದು, ಬಾಯಿಗೆ ಬರೋದೊಂದು. ಒಳಗೆ ಅವರಿಗೆ ಎಲ್ಲಾ ಗೊತ್ತಾಗತ್ತೆ. ಅದೇ ದೊಡ್ಡ ಶಿಕ್ಷೆ."

ಮಂದಿರದ ಹಿರಿಯರಿಗೆ ಇದನ್ನು ಹೇಳುವವರು ಯಾರು? ಸೈತಾನ ಹೊಕ್ಕಿದ್ದಾನೆಂದು ಪಾಸ್ಟರನ್ನು ಮೊಣಕಾಲೂರಿಸಿ, ನೆತ್ತಿಗೆ ಎಣ್ಣೆ ಹಚ್ಚಿ, ಸುತ್ತ ನಿಂತು ಕೂಗಿ ಪ್ರಾರ್ಥಿಸಿದರು. ಅವರು ಕೂಗಿದಷ್ಟೂ ಇವರು ಅಳುತ್ತಾ ಬೈದರು. ಅಂದಿನಿಂದ ಮಂದಿರದ ಹೊಸ್ತಿಲು ತುಳಿಯಕೂಡದೆಂದು ಅಪ್ಪಣೆ. ಹಾಳಾದವರು! ಆ ಹಿರಿಯರ ಮನೆಯ ಮದುವೆಗೂ ಸಾವಿಗೂ ನಿಂತ ಮನುಷ್ಯನಪ್ಪಾ ಅದು. ಬೈಗುಳ ಬೀದಿಗೆ ಕೇಳದಿರಲೆಂದು ಹೆಂಡತಿ ಉಬರ್ಲಿಂದಾ ಕಿಟಕಿಗೆ ಕಂಬಳಿ ಬಿಗಿದಿದ್ದಾರೆ.

"ಪಾಠ ಹೇಳ್ಕೊಡು ಮಗಳೇ, ರೆಕಾರ್ಡು ಮಾತ್ರ ಬೇಡ," ಎನ್ನುತ್ತಾರೆ ಅವರು, ಚಹಾ ಬ್ರೆಡ್ಡು ತಂದಿಡುತ್ತಾ. "ಇವರ ಬಾಯಲ್ಲಿ ಆ ಮಾತು ಕಾಲೇಜಿನೋರೆಲ್ಲ ಕೇಳೋದಾ? ಥೂ!"

ರೆಕಾರ್ಡಿಲ್ಲದ ರೋಗಿ ಪ್ರಬಂಧದ ಲೆಕ್ಕಕ್ಕಿಲ್ಲ. ಇವರನ್ನು ಬಿಟ್ಟು ಬೇರೆಯವರನ್ನು ಹುಡುಕು ಎಂದು ಮಾರ್ಗದರ್ಶಕರು ಎರಡು ಸಲ ಎಚ್ಚರಿಸಿದ್ದಾರೆ. ಆದರೂ ಮರಿಸೆಲ್ ಮೊದಲ ಬಸ್ಸಿಗೆ ಬರುತ್ತಾಳೆ. "ಲಕ್ವ ಹೊಡೆದ ಮೊದಲ ತಿಂಗಳುಗಳೇ ಮುಖ್ಯ. ಅವು ಈ ಕತ್ತಲಲ್ಲೇ ಹೋದ್ವು. ನನ್ನ ಡಾಕ್ಟರೇಟು ಇನ್ನೊಂದು ವರ್ಷ ಕಾಯತ್ತೆ. ಇವರ ಮಾತು ಕಾಯತ್ತಾ?"

ಕೀರ್ತನೆ ಎತ್ತಿಕೊಟ್ಟರೆ ಪಾಸ್ಟರ್ ಅಕ್ಷರ ತಪ್ಪದೆ ಹಾಡುತ್ತಾರೆ. ಮಿದುಳಲ್ಲಿ ಮಾತಿನ ಜಾಗ ಕೆಟ್ಟರೂ ಹಾಡಿನ ಜಾಗ ಉಳಿದಿರುತ್ತದಂತೆ, ಅದಕ್ಕೇ ಮರಿಸೆಲ್ ಮಾತನ್ನೂ ರಾಗದಲ್ಲಿ ಕಲಿಸುವುದು. ಉಬರ್ಲಿಂದಾ ಬಾಗಿಲಲ್ಲಿ ನಿಂತು ಏಪ್ರನ್ನಿನ ಅಂಚು ಎಳೆದು ಕಣ್ಣೊರೆಸಿಕೊಳ್ಳುತ್ತಾರೆ. ಹಾಡು ನಿಂತೊಡನೆ ಮತ್ತೆ ಅದೇ ಬೈಗುಳ. ನನಗಂತೂ ಅಲ್ಲಿ ಕೂರಲಾಗುವುದಿಲ್ಲ.

ಗುಣವಾಗ್ತಾರಾ ಎಂದು ಬಸ್‌ಸ್ಟಾಪಿನಲ್ಲಿ ಮರಿಸೆಲ್‌ಳನ್ನು ಕೇಳುತ್ತೇನೆ. "ಮೊದಲಿನ ಹಾಗೆ ಉಪದೇಶ ಮಾಡೋ ಮಟ್ಟಕ್ಕಾ? ಇಲ್ಲ. ಅದು ಮುಗೀತು."

ಹಾಗಾದರೆ ಇಷ್ಟೆಲ್ಲ ಯಾತಕ್ಕೆ?

"ಒಂದು ಭಾನುವಾರ ಅವರನ್ನ ಮಂದಿರದಲ್ಲಿ ಎಲ್ಲರ ನಡುವೆ ಕೂರಿಸ್ಬೇಕು. ಪ್ರಾರ್ಥನೆ ಮುಗಿದಾಗ ಅವರು ಬಾಯಿಗೆ ಬಂದದ್ದನ್ನೇ ಅನ್ನಲಿ. ಪಕ್ಕದಲ್ಲಿ ಕೂತೋರು 'ಆಮೆನ್' ಅಂದ್ರೆ ಸಾಕು."