ತೊಳೆಯದ ಲಂಗೋಟಿ

ಜಿಯೋನೆಗೆ ನಲವತ್ತೊಂದು ವರ್ಷ. ಬ್ಲಾಂಟೈರ್ ನಗರದ ನ್ದಿರಾಂಡೆ ಗುಡ್ಡದ ಓಣಿಗಳಲ್ಲಿ ಅವಳ ಕೆಲಸ ಒಂದೇ, ಹಸುಗೂಸುಗಳ ಮಲ ಕೇಳಿಕೊಂಡು ಮನೆಮನೆ ಹತ್ತಿಳಿಯುವುದು. ರೋಟಾ ವೈರಸ್ಸಿನ ಭೇದಿ ತಡೆಯುವ ಹೊಸ ಲಸಿಕೆಯನ್ನು ಇಲ್ಲಿನ ಕೂಸುಗಳಿಗೆ ಹುಟ್ಟಿದ ವಾರದಲ್ಲೇ ಹನಿ ಹಾಕಿ ಪರೀಕ್ಷಿಸುತ್ತಿದ್ದರು. ಹನಿ ಹಾಕಿದ ಏಳನೆಯ ದಿನದ ಮಲದಲ್ಲಿ ಲಸಿಕೆಯ ಗುರುತು ಸಿಕ್ಕರೆ ಅದು ಹೊಟ್ಟೆಯಲ್ಲಿ ನೆಲೆಯೂರಿದೆ ಎಂದರ್ಥ. ಗುರುತು ಸಿಗದಿದ್ದರೆ ಅದೂ ಒಂದು ಉತ್ತರವೇ. ಮಲವೇ ಸಿಗದಿದ್ದರೆ?

ಸಿಗುತ್ತಿರಲಿಲ್ಲ. ಜಿಯೋನೆ ಬರುತ್ತಾಳೆಂದು ಎಲ್ಲರೂ ಲಂಗೋಟಿ ಒಗೆದು, ಕೆಂಡದ ಇಸ್ತ್ರಿ ಹಾಕಿ, ಎರಡೂ ಕೈಯಲ್ಲಿ ಹಿಡಿದು ಕೊಡುತ್ತಿದ್ದರು. ಹೀಗೆ ಮೂರು ಕೂಸುಗಳು ಪರೀಕ್ಷೆಯ ಲೆಕ್ಕದಿಂದ ತಪ್ಪಿಹೋಗಿದ್ದವು. ನಾಲ್ಕನೆಯದೂ ತಪ್ಪಿದರೆ ಈ ಓಣಿಯನ್ನೇ ಕೈಬಿಡುವುದಾಗಿ ಮೇಲಿನವರು ಹೇಳಿದ್ದರು. ಭೇದಿಗೆ ಹೆಚ್ಚು ಸೊರಗುವುದು ಈ ಓಣಿಯ ಕೂಸುಗಳೇ. ಇವುಗಳ ಹೊಟ್ಟೆಯನ್ನು ಕೇಳದೆ ಮಾಡಿದ ಲಸಿಕೆ ಯಾರಿಗಾಗಿ ಎಂಬುದು ಅವಳ ಸಂಕಟ.

ನಾಲ್ಕನೆಯವನು ಲಿಂಬಾನಿ. ತಾಯಿ ಸಂತೆಯಲ್ಲಿ ಒಣಮೀನು ಮಾರಲು ಹೋಗಿದ್ದಳು. ಅಜ್ಜಿ ಫಲೇಸಿ ಇಸ್ತ್ರಿ ಹಾಕಿದ ಲಂಗೋಟಿ ತಂದಿಟ್ಟಳು.

"ತೊಳೀಬೇಡಿ ಅಂತ ನಿನ್ನೆ ತಾನೆ ಹೇಳಿದ್ನಲ್ಲ ಅಜ್ಜಿ!"

"ಹೇಳಿದ್ದೆ ಕಣವ್ವ. ಹಾಗಂತ ಮನೆಗೆ ಬಂದೋಳ ಕೈಗೆ ಹೇಲು ಕೊಡೋಕಾಗ್ತದಾ?"

"ನನಗೆ ಬೇಕಿರೋದೇ ಅದು!"

"ಇಸ್ಕೂಲಲ್ಲಿ ಇದನ್ನೇ ಕಲಿಸಿದ್ರಾ ನಿನಗೆ?"

ಅಂದು ಏಳನೆಯ ದಿನ. ಕೂಸು ಮತ್ತೊಮ್ಮೆ ಮಾಡುವವರೆಗೂ ಏಳುವುದಿಲ್ಲವೆಂದು ಜಿಯೋನೆ ಚಾಪೆಯ ಮೇಲೆ ಕುಳಿತಳು. ಕುಳಿತವರಿಗೆ ಉಣ್ಣಿಸದಿದ್ದರೆ ಹೇಗೆ? ಮೆಕ್ಕೆಜೋಳದ ಹಿಟ್ಟಿನ ಬಿಳಿ ಮುದ್ದೆ, ಮೀನಿನ ಸಾರು ಬಂದವು. ಬೇಡವೆನ್ನುವಂತಿಲ್ಲ. ಅವಳು ಎರಡನೆಯ ತುತ್ತು ಎತ್ತುವಷ್ಟರಲ್ಲೇ ಲಿಂಬಾನಿ ಮುಖ ಕಿವುಚಿ ತಿಣುಕಿದ.

ಇಬ್ಬರೂ ಒಟ್ಟಿಗೇ ನೋಡಿದರು. ಮೊದಲು ಎದ್ದವಳು ಅಜ್ಜಿ. ಲಂಗೋಟಿ ಬಿಚ್ಚಿದ್ದೇ ಬಾನಿಯತ್ತ ಓಡಿದಳು. ಜಿಯೋನೆ ಹಿಂದಿನಿಂದ ಹೋಗಿ ಅವಳ ಮಣಿಕಟ್ಟು ಹಿಡಿದಳು. ಹಿರಿಯರ ಕೈಯನ್ನು ಹಾಗೆ ಹಿಡಿಯುವವರು ಆ ಓಣಿಯಲ್ಲಿ ಯಾರೂ ಇಲ್ಲ.

"ಬಿಡೇ! ನೀನು ಊಟಕ್ಕೆ ಕೂತಿದೀಯ, ಅದರೆದುರಿಗೆ ಇದಾ?"

"ಬೈರಿ, ಹೊಡೀರಿ ಅಜ್ಜಿ. ತೊಳೀಬೇಡಿ, ಅಷ್ಟೆ."

ಬಟ್ಟೆಯ ಒಂದು ತುದಿ ಆಗಲೇ ನೀರಿಗೆ ಬಿದ್ದಿತ್ತು. ನಡುವಿನದು ಉಳಿದಿತ್ತು. ಜಿಯೋನೆ ಕೈತೊಳೆದು, ಪುಟ್ಟ ಚಮಚದಲ್ಲಿ ಅದನ್ನು ಶೀಶೆಗೆ ತುಂಬಿ, ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟಳು. ಆಮೇಲೆ ಮಂಡಿಯೂರಿ ತಪ್ಪಾಯಿತೆಂದಳು. ಅಜ್ಜಿ ಅತ್ತ ನೋಡದೆ ಲಂಗೋಟಿಯನ್ನು ಮೂರು ಸಲ ಒಗೆದಳು.

ಹೊರಟವರನ್ನು ದಾರಿಯವರೆಗೆ ಕಳಿಸಿಬರಲೇಬೇಕು. ಫಲೇಸಿ ಬಂದಳು, ಹತ್ತು ಹೆಜ್ಜೆ ಹಿಂದೆ.

"ಡಬ್ಬಿ ಚೀಲದೊಳಗಿಡು. ಫಲೇಸಿ ಏನು ಕೊಟ್ಟು ಕಳಿಸಿದ್ಲು ಅಂತ ಯಾರಾದ್ರೂ ಕೇಳಿದ್ರೆ?"

"ಮೀನು ಅಂತೀನಿ."

"ನಿನ್ನಿಂದ ಸುಳ್ಳು ಬೇರೆ," ಎಂದು ಗೊಣಗುತ್ತಲೇ ಅಜ್ಜಿ ಓಣಿಯ ಕೊನೆಯವರೆಗೂ ನಡೆದಳು.