ವಾರಿಜಕ್ಕ ಕೇಳುತ್ತಿದ್ದ ವಾಸನೆ

ಮೊದಲ ದಿನವೇ ನನ್ನ ಮಾನ ಹೋಯಿತು. ಗೋರೆಗಾಂವಿನ ನಮ್ಮ ಬಿಲ್ಡಿಂಗಿನಲ್ಲಿ ವಾರಿಜಕ್ಕನ ಯೋಗದ ಕ್ಲಾಸು ಅವರ ಮನೆಯ ಮುಂದಿನ ಕೋಣೆಯಲ್ಲೇ ನಡೆಯುತ್ತದೆ. ಎಲ್ಲರೂ ಕಣ್ಣು ಮುಚ್ಚಿ ಕೂತಿದ್ದೆವು.

"ನಿಧಾನ ಎಳ್ಕೊಳ್ಳಿ. ಗಮನ ಉಸಿರಿನ ಮೇಲೆಯೇ ಇರ್ಲಿ. ಈಗ ಹೇಳಿ, ಯಾವ ವಾಸನೆ ಬಂತು?"

"ಹಾಲು ಸೀದದ್ದು!" ಎಂದೆ, ಗಟ್ಟಿಯಾಗಿ.

ವಾರಿಜಕ್ಕ ಎದ್ದು ಅಡುಗೆಮನೆಗೆ ಓಡಿದರು. ಉಳಿದವರು ಕಣ್ಣು ಮುಚ್ಚಿಕೊಂಡೇ ನಕ್ಕರು. ಪಕ್ಕದ ಚಾಪೆಯ ಗುರುಪಾದಪ್ಪ, ಬ್ಯಾಂಕಿನಿಂದ ನಿವೃತ್ತರಾದವರು, "ಅಲ್ರೀ, ಪ್ರಾಣಾಯಾಮಕ್ಕ ಬಂದೀರೋ, ನಾಷ್ಟಾಕ್ಕೋ?" ಎಂದರು.

ಅಂದಿನಿಂದ ನಾನು ಸುಧಾರಿಸಿದೆ. ಗುರುಪಾದಪ್ಪ ದಿನಾ "ಶಾಂತಿಯ ವಾಸನೆ" ಎನ್ನುತ್ತಿದ್ದರು. ನಾನು ನನ್ನ ಯೋಗ್ಯತೆಗೆ ತಕ್ಕಂತೆ "ಮಲ್ಲಿಗೆ" ಎನ್ನತೊಡಗಿದೆ. ಅರೆಗಣ್ಣಲ್ಲಿ ನೋಡಿದರೆ ವಾರಿಜಕ್ಕನ ಮುಖ ಯಾಕೋ ಸಪ್ಪಗಾಗಿರುತ್ತಿತ್ತು.

ವಾರಿಜಕ್ಕ ಉಡುಪಿ ಕಡೆಯವರು. ಗಂಡ ಅಂಧೇರಿಯ ಹೋಟೆಲೊಂದರಲ್ಲಿ ಮ್ಯಾನೇಜರ್ ಆಗಿದ್ದರು, ದಮ್ಮಿನ ರೋಗಿ. ಅವರಿಗಾಗಿ ಕಲಿತ ಉಸಿರಾಟವೇ ಅವರು ಹೋದ ಮೇಲೆ ಇವರಿಗೆ ಅನ್ನವಾಯಿತು. ಕೊರೊನಾ ಬಂದು ಮಲಗಿದಾಗಲೂ ಮೊಬೈಲಿನಲ್ಲಿ ಕ್ಲಾಸು ನಿಲ್ಲಿಸಿದವರಲ್ಲ.

ಮೊನ್ನೆ ಹೊರಗೆ ರಸ್ತೆ ಅಗೆಯುತ್ತಿದ್ದರು. ಧೂಳೆಂದು ಕಿಟಕಿಗಳೆಲ್ಲ ಬಂದ್. ನಮಗೆ ಕೊಡುವ ಕಷಾಯ ಒಳಗೆ ಒಲೆಯ ಮೇಲಿತ್ತು. ವಾರಿಜಕ್ಕ ಎಂದಿನಂತೆ ಕೇಳಿದರು, "ಯಾವ ವಾಸನೆ?"

ನನ್ನ ಮೂಗಿಗೆ ಏನೋ ಕೊಳೆತಂತೆ ಬಡಿಯಿತು. ಆದರೆ ಇನ್ನೊಮ್ಮೆ ನಗೆಪಾಟಲಾಗುವವನಲ್ಲ ನಾನು.

"ಶಾಂತಿ," ಎಂದರು ಗುರುಪಾದಪ್ಪ, ಕೆಮ್ಮುತ್ತ.

"ಮಲ್ಲಿಗೆ," ಎಂದೆ ನಾನು.

ವಾರಿಜಕ್ಕ ದೀಪ ಹಚ್ಚಲು ಬೆಂಕಿಪೊಟ್ಟಣ ಎತ್ತಿಕೊಂಡರು. ಅಷ್ಟರಲ್ಲಿ ಬಾಗಿಲು ದೂಡಿಕೊಂಡು ಮುಬೀನಾ ಬಂದಳು. ಕೆಳಗಿನ ಮಹಡಿಯಲ್ಲಿ ಬ್ಲೌಸ್ ಹೊಲಿಯುವವಳು, ಕ್ಲಾಸಿಗೆ ದಿನಾ ತಡ.

"ಯಾ ಅಲ್ಲಾ! ಕಡ್ಡಿ ಕೊರೀಬ್ಯಾಡ್ರಿ ಅಕ್ಕಾ! ಗ್ಯಾಸ್ ವಾಸನಿ ಮೆಟ್ಟಲ ತನಕ ಬರಾಕತ್ತೈತಿ!"

ಕಡ್ಡಿ ಪೊಟ್ಟಣದ ಅಂಚಿನಲ್ಲೇ ನಿಂತಿತು. ಮುಬೀನಾ ಒಳಗೆ ಓಡಿದಳು. ಕಷಾಯ ಉಕ್ಕಿ ಉರಿ ಆರಿತ್ತು, ಗ್ಯಾಸ್ ಮಾತ್ರ ಹೊರಡುತ್ತಲೇ ಇತ್ತು. ಅವಳು ಅದನ್ನು ಬಂದ್ ಮಾಡಿ ಕಿಟಕಿ ತೆರೆದಳು. ನನಗೆ ಉಸಿರು ಎಳೆಯುವುದೋ ಬಿಡುವುದೋ, ಕಲಿತದ್ದೆಲ್ಲ ಮರೆತುಹೋಗಿತ್ತು.

"ನಿಮಗೆ ವಾಸನಿ ಬರಲಿಲ್ಲೇನ್ರೀ ಅಕ್ಕಾ?"

ವಾರಿಜಕ್ಕ ಕಡ್ಡಿಯನ್ನು ತಿರುಗಿ ಪೊಟ್ಟಣಕ್ಕೆ ಸೇರಿಸಿದರು. "ಕೊರೊನಾ ಆದ ಮೇಲೆ ನಂಗೆ ಯಾವ ವಾಸನೆಯೂ ಬರುದಿಲ್ಲ ಮುಬೀನಾ. ಹೇಳಿದ್ರೆ ಮೂಗು ಸತ್ತವಳ ಹತ್ರ ಉಸಿರು ಕಲಿಲಿಕ್ಕೆ ಯಾರು ಬರ್ತಾರೆ? ಅದಕ್ಕೇ ದಿನಾ ಇವರನ್ನು ಕೇಳುದು."

ಗುರುಪಾದಪ್ಪ ಚಾಪೆ ಸುತ್ತುವ ಕೆಲಸದಲ್ಲಿ ಮುಳುಗಿದರು. ನನಗೆ ಸುತ್ತಲು ಚಾಪೆಯೂ ಸಿಗಲಿಲ್ಲ, ಅದರ ಮೇಲೆ ನಾನೇ ನಿಂತಿದ್ದೆ.

"ನಾಳೆ... ಕ್ಲಾಸು ಇದೆಯಾ ವಾರಿಜಕ್ಕಾ?" ಎಂದೆ.

ಅವರು ಬೆಂಕಿಪೊಟ್ಟಣವನ್ನು ಮುಬೀನಾಳ ಕೈಗಿಟ್ಟರು.

"ಉಂಟು ಮಾರಾಯ್ರೆ. ಶಾಂತಿ, ಮಲ್ಲಿಗೆಯವರೆಲ್ಲ ಬಾಲ್ಕನಿ ಬದಿಗೆ ಕೂತ್ಕೊಳ್ಳಿ. ಒಲೆ ಹತ್ರ ಮುಬೀನಾ."