ಕಣ್ಣೂರಿಗೆ ಮೂರು ಗಂಟೆ

ಹಳೆಯ ಬ್ಯಾಗನ್ನು ಬಿಸಿಲಿಗೆ ಹಾಕುವ ಮುಂಚೆ ಪಕ್ಕದ ಜೇಬಿಗೆ ಕೈ ಹಾಕಿದೆ. ಮಡಚಿಟ್ಟ ಟಿಕೆಟಿನ ಹಾಳೆ ಸಿಕ್ಕಿತು. ಕಣ್ಣೂರಿನಿಂದ ಮುಂಬಯಿಗೆ. ಮೂಲೆಯಲ್ಲಿ ನೀಲಿ ಪೆನ್ನಿನಿಂದ ‘ಕಾರಿನಲ್ಲಿ 3 ಗಂಟೆ’ ಎಂದು ಬರೆದಿತ್ತು. ಕೊಟ್ಟಾರದಲ್ಲಿ ಟ್ರಾವೆಲ್ಸ್ ಅಂಗಡಿ ಇಟ್ಟಿದ್ದ ಅಣ್ಣನ ಅಕ್ಷರ...

ನಮ್ಮ ಮನೆಯವರಿಗೆಲ್ಲ ಟಿಕೆಟು ಮಾಡಿಕೊಟ್ಟವರು ಅವರೇ. ಮದುವೆಯಾಗಿ ಮುಂಬಯಿಗೆ ಹೊರಟ ಅಕ್ಕ ಮೊದಲ ಸಲ ವಿಮಾನ ಹತ್ತಲು ಹೆದರಿದ್ದಳು. ಅವರು ಅಂಗಡಿ ಮುಚ್ಚಿ ನಮ್ಮೊಡನೆ ಬಜ್ಪೆಯ ವಿಮಾನ ನಿಲ್ದಾಣದವರೆಗೂ ಬಂದು, ಸೀಟಿನ ಬೆಲ್ಟ್ ಹಾಕುವುದು ಹೇಗೆಂದು ಟವೆಲು ಕಟ್ಟಿ ತೋರಿಸಿದ್ದರು. ಅವರನ್ನು ಹೊರಗಿನವರೆಂದು ನಾವು ಎಣಿಸಿದ್ದೇ ಇಲ್ಲ.

ಅಕ್ಕ ಎಂದರೆ ನನಗೆ ಅಮ್ಮನ ಹಾಗೆ. ಸುರತ್ಕಲ್‌ನಲ್ಲಿದ್ದಾಗ ಅಮ್ಮ ಮೀನಿನ ಬುಟ್ಟಿ ಹೊತ್ತು ಹೋದ ಮೇಲೆ ನನಗೆ ಉಣಿಸಿ ಶಾಲೆಗೆ ಬಿಡುತ್ತಿದ್ದವಳು ಅವಳು. ಒಂದು ಬೆಳಿಗ್ಗೆ ಭಾವ ಮುಂಬಯಿಯ ಆಸ್ಪತ್ರೆಯಿಂದ ಫೋನು ಮಾಡಿದರು. “ಇವತ್ತೇ ಬಾ. ನಿನ್ನನ್ನೇ ಕೇಳ್ತಿದ್ದಾಳೆ.”

ಟ್ರಾವೆಲ್ಸಿನ ಅಣ್ಣನಿಗೆ ಹೇಳಿದೆ. “ಇಲ್ಲಿಂದ ಮಧ್ಯಾಹ್ನ ಒಂದು ಗಂಟೆಯ ಫ್ಲೈಟಲ್ಲಿ ಒಂದೇ ಸೀಟು ಉಂಟು. ನಿನಗೆ ಹಿಡಿದಿಡ್ತೇನೆ,” ಎಂದರು. ಕಾವೂರಿನ ನನ್ನ ಮನೆಯಿಂದ ವಿಮಾನ ನಿಲ್ದಾಣ ಹತ್ತಿರವೇ. ಬಟ್ಟೆ ತುಂಬಿಸುತ್ತಿರುವಾಗ ಮತ್ತೆ ಅವರ ಫೋನು. “ಆ ಸೀಟು ಹೋಯ್ತು ಮಾರಾಯ. ಕಣ್ಣೂರಿನಿಂದ ನಾಲ್ಕಕ್ಕೆ ಒಂದು ಉಂಟು. ಮೂರು ಗಂಟೆಯ ದಾರಿ, ಆರಾಮಲ್ಲಿ ಸಿಗ್ತದೆ.”

ಕೊಟ್ಟಾರದಲ್ಲಿ ಟಿಕೆಟಿನ ಹಾಳೆ ತೆಗೆದುಕೊಂಡು ಹನ್ನೊಂದೂವರೆಗೆ ಹೊರಟೆ. ಹೆದ್ದಾರಿಯನ್ನು ಉದ್ದಕ್ಕೂ ಅಗೆದಿದ್ದರು. ಕಾಸರಗೋಡು ದಾಟುವಾಗಲೇ ಒಂದೂವರೆ. ನಿಲ್ದಾಣ ಮುಟ್ಟಿದಾಗ ನಾಲ್ಕು ಕಳೆದಿತ್ತು, ವಿಮಾನ ಹೋಗಿಯಾಗಿತ್ತು. ಮರುದಿನದ ಸೀಟಿಗಾಗಿ ಓಡಾಡಿ ಬೆಂಚಿನಲ್ಲಿ ಕುಳಿತಿದ್ದಾಗ ಭಾವನ ಫೋನು ಬಂತು. ಅಕ್ಕ ಏಳೂವರೆಗೆ ತೀರಿಕೊಂಡಿದ್ದಳು. ಕೊನೆಯವರೆಗೂ ಬಾಗಿಲ ಕಡೆ ನೋಡುತ್ತಿದ್ದಳಂತೆ...

ಎರಡು ತಿಂಗಳ ಮೇಲೆ ಒಂದು ಮದುವೆಯ ಊಟದಲ್ಲಿ ಪಕ್ಕದಲ್ಲಿದ್ದ ಹೋಟೆಲ್ ಮಾಲೀಕರು ಅಣ್ಣನನ್ನು ಹೊಗಳಿದರು. ಗೆಳೆಯನ ಪಾರ್ಟಿಗೆ ಮುಂಬಯಿಗೆ ಹೊರಟಿದ್ದರಂತೆ. “ಯಾರಿಗೋ ಹಿಡಿದಿಟ್ಟ ಸೀಟನ್ನೇ ನನಗೆ ಮಾಡಿಕೊಟ್ಟ ನೋಡಿ.” ಅವರು ಹೇಳಿದ ದಿನ ಅದೇ ದಿನ, ವಿಮಾನ ಅದೇ ವಿಮಾನ.

ಮರುದಿನ ಅಂಗಡಿಗೆ ಹೋಗಿ ಕೇಳಿದೆ. ಅಣ್ಣ ಇಲ್ಲವೆನ್ನಲಿಲ್ಲ. “ಅವರು ದೊಡ್ಡ ಗಿರಾಕಿ. ಎಂತ ಮಾಡುವುದು?”

“ಕಣ್ಣೂರಿಗೆ ಎಷ್ಟು ಹೊತ್ತು ಬೇಕು ಅಂತ ಗೊತ್ತಿತ್ತಾ ಅಣ್ಣ?”

“ನಾಲ್ಕೂವರೆ ಗಂಟೆ,” ಎಂದರು, ತಲೆ ಎತ್ತದೆ. “ಅವತ್ತು ಸತ್ಯ ಹೇಳಿದ್ದರೆ ಆ ಸೀಟೇ ಬೇಕು ಅಂತ ನೀನು ಹಠ ಹಿಡೀತಿದ್ದೆ.”

ಅವರು ತರಿಸಿದ ಚಹಾ ಹಾಗೇ ಬಿಟ್ಟು ಬಂದೆ. ಕಳೆದ ವರ್ಷ ಅವರು ತೀರಿಕೊಂಡಾಗ ಅವರ ಮಗಳು ಫೋನು ಮಾಡಿದ್ದಳು. ಅಂಗಿ ಹಾಕಿಕೊಂಡು ನಮ್ಮ ಗೇಟಿನವರೆಗೆ ಹೋದೆ, ವಾಪಸು ಬಂದೆ.

ಹೋಗದೆ ಉಳಿದದ್ದು ತಪ್ಪೆಂದು ನನಗೆ ಈಗಲೂ ಅನಿಸುವುದಿಲ್ಲ. ಆದರೆ ಮನೆಯಲ್ಲಿ ಯಾರಾದರೂ ಪ್ರಯಾಣ ಹೊರಟರೆ, ಅಣ್ಣನಿಗೊಂದು ಮಾತು ಕೇಳೋಣ ಎಂದು ಕೈ ಇವತ್ತಿಗೂ ಮೊಬೈಲಿಗೆ ಹೋಗುತ್ತದೆ... ಹಾಗೆ ಕೇಳಬಹುದಾದವರು ಈಗ ನನಗೆ ಯಾರೂ ಇಲ್ಲ.